ಕೀಲಿ, ಕೀಲು

ಹಿಡಿಯನ್ನು ಮೊದಲು ಮೇಲಕ್ಕೆತ್ತಬೇಕು, ಆಮೇಲೆ ಕೀಲಿಕೈ.
ಈ ದೇಶದ ಪ್ಲಾಸ್ಟಿಕ್ ಬಾಗಿಲುಗಳ ಶಾಸ್ತ್ರ ಇದು.
ಬಂದ ಹೊಸದರಲ್ಲಿ ತಿಳಿಯದೆ ಒಂದು ವಾರ
ಬರೀ ಬಾಗಿಲು ಮುಂದೆ ಮಾಡಿ ಕೆಲಸಕ್ಕೆ ಹೋಗಿದ್ದೆವು.
ಯಾರೂ ಏನೂ ಒಯ್ಯಲಿಲ್ಲ.
ಒಯ್ಯುವಂಥದ್ದು ಏನೂ ಇರಲಿಲ್ಲ ಅನ್ನಿ.

ಈಗ ಹನ್ನೊಂದು ವರ್ಷದ ಮೇಲೆ, ಗುರುವಾರ ರಾತ್ರಿ,
ಹಿಡಿ ಅರ್ಧ ಏರಿ ನಿಂತುಬಿಟ್ಟಿತು,
ಬಸ್ಸಿನ ಮೆಟ್ಟಿಲ ಮೇಲೆ ಚಿಲ್ಲರೆ ಹುಡುಕುವವರ ಹಾಗೆ.
ಕೀಲಿಕೈ ತಿರುವಿದರೆ ಒಳಗೆ ಹಲ್ಲು ಕಡಿಯುವ ಸದ್ದು.

ಗುರುಬಸು ಎಣ್ಣೆ ಬಿಟ್ಟ. ಸೈಕಲ್ಲಿನದು,
ಅದು ತೀರಿದ ಮೇಲೆ ಕೊಬ್ಬರಿ ಎಣ್ಣೆ.
ಯಾರೋ ಗಡ್ಡದವನ ವಿಡಿಯೊ ಹಚ್ಚಿಕೊಂಡು
ಹಿತ್ತಾಳೆಯ ಸಿಲಿಂಡರು ಎಳೆದು ತಟ್ಟೆಯಲ್ಲಿಟ್ಟ.
ಎಲ್ಲ ತಿರುಗಿ ಕೂಡಿಸಿದಾಗ ಒಂದು ವಾಷರು ಉಳಿಯಿತು.
"ಹೆಚ್ಚಿಂದ ಐತಿ ಬಿಡು," ಅಂದ.

ರಿಪೇರಿಯವನು ಬಂದು ನೋಡಲಿಕ್ಕೇ ತೊಂಬತ್ತು ಪೌಂಡು.
ವಿಲೆನ್‌ಹಾಲಿನಲ್ಲಿ!
ಬೀಗ ಮಾಡುವುದನ್ನೇ ಬದುಕು ಮಾಡಿಕೊಂಡಿದ್ದ ಊರು,
ಅರ ಉಜ್ಜಿ ಉಜ್ಜಿ ಬೆನ್ನು ಬಾಗಿದವರ ಓಣಿ,
ಅಲ್ಲಿ ನಮ್ಮ ಮನೆಗೆ ಬೀಗವಿಲ್ಲ.

ಆ ರಾತ್ರಿ ಹಿಡಿಯ ಕೆಳಗೆ ಊಟದ ಕುರ್ಚಿ ಸಿಕ್ಕಿಸಿ
ಮೇಲೆ ಸ್ಟೀಲ್ ಲೋಟಗಳ ಗೋಪುರ ಕಟ್ಟಿದೆ.
ಕಳ್ಳ ಬಂದರೆ ಉರುಳಲಿ, ಎಚ್ಚರವಾಗಲಿ.
ಉರುಳಿತು, ಮೂರು ಗಂಟೆಗೆ.

ಕಳ್ಳನಲ್ಲ. ಇಂಚರ.
ಕೋಟು ಹಾಕಿಕೊಂಡು, ಬೂಟು ಕೈಯಲ್ಲಿ ಹಿಡಿದು.
ಎಲ್ಲಿಗೆ? "ಗಾಳಿಗೆ," ಅಂದಳು.
ಹದಿನಾರು ವರ್ಷ. ಚಳಿಗಾಲವಿಡೀ ನನ್ನೊಂದಿಗೆ ಆಡಬೇಕಾದ ಮಾತನ್ನೆಲ್ಲ
ಆ ಬಾಗಿಲಿನ ಮೇಲೆ ಆಡಿದವಳು: ಧಡ್. ಧಡ್.
ಕತ್ತಲಲ್ಲಿ ಮೊಣಕಾಲೂರಿ
ಇಬ್ಬರೂ ಲೋಟ ಆರಿಸಿದೆವು.
ಒಂದು ಸೋಫಾದ ಕೆಳಗೆ ಹೋಗಿತ್ತು.

ಭಾನುವಾರ ಪಕ್ಕದ ಮನೆಯ ಬೆರಿಲ್ ಬಂದಳು,
ಬದಲಿಸಿದ ಎಡ ಮೊಣಕಾಲನ್ನು ಜೋಪಾನವಾಗಿ ಮುಂದಿಟ್ಟು.
(ಆ ಕಾಲಿಗೆ ಮೆಟ್ಟಿಲು ಹತ್ತುವುದನ್ನು ಕಲಿಸಿದವಳು ನಾನೇ.)
ಹದಿನೈದಕ್ಕೇ ಕಾರ್ಖಾನೆ ಸೇರಿ ಬೀಗದ ಸ್ಪ್ರಿಂಗು ಕೂಡಿಸಿದ ಕೈ.
ಅದು ಸಿಲಿಂಡರು ಮುಟ್ಟಲೇ ಇಲ್ಲ.
ಬಾಗಿಲು ತೆರೆದಿಟ್ಟು ಹಿಡಿ ಎತ್ತು, ಅಂದಳು.
ಸರಾಗ! ಕೊಕ್ಕೆಗಳು ಬೆಕ್ಕಿನ ಉಗುರಿನಂತೆ ಹೊರಬಂದವು.
ಮುಚ್ಚಿ ಎತ್ತು, ಅಂದಳು.
ಊಹೂಂ.

"ಕೀಲಿಗೆ ಏನೂ ಆಗಿಲ್ಲ.
ಬಾಗಿಲು ಜೋತುಬಿದ್ದಿದೆ. ಕೀಲು ನೋಡು."

ಅವಳ ಮಾತಿನಲ್ಲಿ ಇವೆರಡೂ ಬೇರೆ ಬೇರೆ ಕುಲ.
ನನ್ನ ಮಾತಿನಲ್ಲಿ ಗುಡಿಸಿಗೂ ಕೊಂಬಿಗೂ ಇರುವಷ್ಟೇ ಅಂತರ,
ಆದರೂ ನನಗೆ ಹೊಳೆಯಲಿಲ್ಲ.
ಹಗಲೆಲ್ಲ ವಾಲ್ಸಾಲಿನ ಆಸ್ಪತ್ರೆಯಲ್ಲಿ ಕೀಲುಗಳನ್ನೇ ಮಡಚಿ ನೀಡುತ್ತೇನೆ,
ನೋವು ಮಂಡಿಯಲ್ಲಿ, ಕೆಟ್ಟದ್ದು ಸೊಂಟ ಎಂದು
ದಿನಕ್ಕೆ ನಾಲ್ಕು ಮಂದಿಗಾದರೂ ಹೇಳುತ್ತೇನೆ.

ಕೀಲಿನ ಟೊಪ್ಪಿಗೆ ತೆಗೆದು, ಅಲೆನ್ ಕೀ ತೂರಿಸಿ
ಕಾಲು ಸುತ್ತು. ಏನಿಲ್ಲ.
ಇನ್ನೊಂದು ಕಾಲು. ಗುರುಬಸು ಕೆಳಗಿನಿಂದ ಎತ್ತಿ ಹಿಡಿದ,
ಬಾಗಿಲು ಏರಿತು, ಒಂದು ಅಕ್ಕಿಕಾಳಿನ ದಪ್ಪ.
ಅಷ್ಟೇ ಬೇಕಾಗಿದ್ದದ್ದು.

ಚೌಕಟ್ಟಿನ ಬಿರುಕು ಸವರುತ್ತ ಬೆರಿಲ್ ಕೇಳಿದಳು:
"ಇಷ್ಟು ಜೋರಾಗಿ ಹಾಕುವವರು ಯಾರಪ್ಪ?"
ಮೆಟ್ಟಿಲ ಮೇಲೆ ಕಾರ್ನ್‌ಫ್ಲೇಕ್ಸ್ ಬಟ್ಟಲು ಹಿಡಿದು ನಿಂತಿದ್ದ ಇಂಚರ
ಅಗಿಯುವುದನ್ನು ನಿಲ್ಲಿಸಿದಳು.
"ಗಾಳಿ," ಅಂದೆ.
"ಹೌದು, ನಮ್ಮ ಈ ಓಣಿಗೆ ಗಾಳಿ ಜಾಸ್ತಿ,"
ಬೆರಿಲ್ ನಗಲಿಲ್ಲ.

ಈಗ ಬಾಗಿಲು ಬೆಣ್ಣೆಯಂತೆ ಮುಚ್ಚುತ್ತದೆ.
ಮಗಳು ಹೋದದ್ದು, ಬಂದದ್ದು, ಸಿಟ್ಟಾಗಿದ್ದದ್ದು
ಒಂದೂ ಕಿವಿಗೆ ಬೀಳುವುದಿಲ್ಲ.
ರಾತ್ರಿ ಹೊಸ್ತಿಲ ಬಳಿ ಒಂದೇ ಒಂದು ಲೋಟ ಇಡುತ್ತೇನೆ.
ಯಾಕೆ ಅಂದರೆ, ಗಿಡಕ್ಕೆ ನೀರು ಹಾಕಲು ಅನ್ನುತ್ತೇನೆ.
ಅಲ್ಲಿ ಗಿಡವಿಲ್ಲ.

ನಿನ್ನೆ ಬೆಳಿಗ್ಗೆ ಲೋಟ ಗೋಡೆಯ ಪಕ್ಕಕ್ಕೆ ಸರಿದಿತ್ತು.
ಎತ್ತಿದರೆ ಕಿಣಿ ಅಂದಿತು.
ಒಳಗೆ
ಆ ಹೆಚ್ಚಿನ ವಾಷರು.