ದುಭಾಷಿಯ ವ್ಯಾಕರಣ

ತಲೆಗೆ ಮೂರು ನಿಮಿಷ, ಅಂದಿದ್ದಾರೆ ಕೇಪ್ ಟೌನಿನವರು.
ಚರ್ಚಿನ ತಗಡಿನ ಕೆಳಗೆ ಎಪ್ಪತ್ತು ಕುರ್ಚಿ, ನೂರಿಪ್ಪತ್ತು ಜನ,
ಒಂದು ಮೈಕು, ಅದಕ್ಕೂ ಕೆಮ್ಮು.
ನನ್ನ ಕೆಲಸ
ಪೊಂಡೊ ಮಾತನ್ನು ಇಂಗ್ಲಿಷಿನ ದಡಕ್ಕೆ ದಾಟಿಸುವುದು.
ಅಂಬಿಗ ತನ್ನ ಮೂಟೆ ಹೇರುವ ಹಾಗಿಲ್ಲ.
ಅವರು ‘ನಾನು’ ಅಂದರೆ ನಾನೂ ‘ನಾನು’ ಅನ್ನಬೇಕು:
ಬೆಳಗಿನಿಂದ ನಾನು ಮೂರು ಸಲ ಜೈಲಿಗೆ ಹೋಗಿದ್ದೇನೆ,
ಒಮ್ಮೆ ಬಸುರಿಯಾಗಿದ್ದಾಗ.

ಮಾಮ್‌ಜೋಲಿ ಎದ್ದಳು.
ಗಂಟಲು ಸರಿಮಾಡಿಕೊಳ್ಳಲು ಅರ್ಧ ನಿಮಿಷ ಕೊಟ್ಟಳು,
ಯಾರ ಅಪ್ಪಣೆಯೂ ಇಲ್ಲದೆ.

“ಗಾಂಜಾ ಅನ್ನಿ, ಡಗ್ಗಾ ಅನ್ನಿ, ಪೊಲೀಸರ ಹಾಗೆ ಮಾಲು ಅನ್ನಿ,
ನಮಗದು ಉಮ್ಯಾ.
ಮೆಕ್ಕೆಜೋಳದ ಸಾಲಿನ ನಡುವೆ
ನಮ್ಮತ್ತೆ ಬೀಜ ಊರಿಸಿದ್ದು ನಾನು ಮದುವೆಯಾಗಿ ಬಂದ ವರ್ಷ.
ಹೋರಿಯ ಹೊಟ್ಟೆನೋವಿಗೆ ಅದೇ, ನನ್ನ ಮಂಡಿಗೆ ಅದೇ,
ಸ್ಕೂಲಿನ ಫೀಸಿಗೂ ಅದೇ.
ಗಣಿಗೆ ಹೋದ ಗಂಡ
ಮೊದಲು ದುಡ್ಡು ಕಳಿಸಿದ, ಆಮೇಲೆ ಕೆಮ್ಮು ತಂದ.
ಉಮ್ಯಾ ಊರು ಬಿಟ್ಟು ಹೋಗಲಿಲ್ಲ.

ಹೆಲಿಕಾಪ್ಟರ್ ಬರುವುದು ಹೂ ಬಲಿಯುವ ಹೊತ್ತಿಗೆ,
ಅದಕ್ಕೆ ನಮಗಿಂತ ಚೆನ್ನಾಗಿ ತಿಥಿ ಗೊತ್ತು.
ಅದು ಚೆಲ್ಲುವ ವಿಷಕ್ಕೆ ಕಣ್ಣಿಲ್ಲ.
ಕುಂಬಳ ಸತ್ತಿತು, ಬೀನ್ಸ್ ಸತ್ತಿತು,
ಊಟೆಯ ನೀರು ಕುಡಿದ ಕರು ಎರಡು ದಿನ ಏಳಲಿಲ್ಲ.
ಕಾನೂನು ಒಂದು ಗಿಡಕ್ಕೆ, ಶಿಕ್ಷೆ ಇಡೀ ಹೊಲಕ್ಕೆ.
ಮುಂದಿನ ವರ್ಷ ಮೊದಲು ಚಿಗುರಿದ್ದು
ಅದೇ ಗಿಡ.

ಈ ತಗಡು ನೋಡಿ, ತಲೆಯ ಮೇಲೆ.
ಪಾದ್ರಿಗಳು ಕೇಳಲಿಲ್ಲ, ನಾವು ಹೇಳಲಿಲ್ಲ.”

(ಸಭೆ ನಗುತ್ತದೆ. ನಗುವನ್ನು ಅನುವಾದಿಸುವ ಪದ್ಧತಿಯಿಲ್ಲ.)

“ಕೆಟ್ಟವರಿಲ್ಲ ಅನ್ನುವುದಿಲ್ಲ. ತಮ್ಮನ ಮಗ ಲುಂಗಿಸಾ
ಹದಿನಾಲ್ಕಕ್ಕೇ ಸೇದಿ ಸೇದಿ
ಮನೆಯೊಳಗೆ ಹೊಗೆಯ ಹಾಗೆ ಕೂತ.
ಅವನಿಗೆ ಒಬ್ಬ ನರ್ಸ್ ಬೇಕಿತ್ತು,
ಬಂದದ್ದು ವ್ಯಾನು.
ಕದ್ದು ಮಾರುವವನು ಹುಡುಗನ ವಯಸ್ಸು ಕೇಳುವುದಿಲ್ಲ, ತಿಳಿಯಿರಿ.
ಬೋರ್ಡು ಹಾಕಿಕೊಂಡ ಅಂಗಡಿಯವನಾದರೆ
ಕೇಳಲೇಬೇಕು.

ಈಗ ಬಾಗಿಲು ತೆರೆಯುತ್ತೀರಂತೆ. ಒಳ್ಳೆಯದು.
ಅರ್ಜಿಯನ್ನು ಮೊಮ್ಮಗಳು ಓದಿ ಹೇಳಿದಳು:
ಎಂಟಡಿ ಬೇಲಿ, ಕ್ಯಾಮೆರಾ, ಲ್ಯಾಬಿನ ಚೀಟಿ,
ನನ್ನ ಮನೆಯನ್ನು ಐದು ಸಲ ಮಾರಿದರೂ ಹುಟ್ಟದ ಠೇವಣಿ.
ನಮ್ಮನ್ನು ಒಳಗೆ ಹಾಕಿಸಿದ ಗಿಡವನ್ನೇ
ಗಾಜಿನ ಮನೆಯಲ್ಲಿ ಸಾಕಿ ಜರ್ಮನಿಗೆ ಕಳಿಸುವವನಿಗೆ
ನೀವು ರಿಬ್ಬನ್ ಕತ್ತರಿಸಿ ಕೊಡುತ್ತೀರಿ.
ಐವತ್ತು ವರ್ಷ ಕಳ್ಳಿಯಾಗಿ ಬದುಕಿದೆ,
ಇನ್ನು ಅವನ ಕೂಲಿಯಾಗಿ ಸಾಯಲೇ?
ತೆರಿಗೆ ಹಾಕಿ, ಕೊಡುತ್ತೇನೆ.
ರಸೀದಿ ಕೊಡಿ,
ನನ್ನ ಹೆಸರಿನಲ್ಲಿ ಇದುವರೆಗೆ ಒಂದೂ ಇಲ್ಲ.
ಆ ದುಡ್ಡು ಈ ನದಿ ದಾಟದಿರಲಿ,
ಸೇತುವೆಯಾಗಿ ಇಲ್ಲೇ ನಿಲ್ಲಲಿ.
ನಾಲ್ಕು ಹೆಣ ತೇಲಿವೆ ಈ ಕಡವಿನಲ್ಲಿ.”

ಗುಮಾಸ್ತ ಬೆರಳೆತ್ತಿದ: ಹದಿನೈದು ಸೆಕೆಂಡು.
ಅವನ ಹಾಳೆಯಲ್ಲಿ ಅವಳ ಹೆಸರಿನ ಮುಂದೆ, ಉದ್ಯೋಗ: ಇಲ್ಲ.

ಮಾಮ್‌ಜೋಲಿ ಊರುಗೋಲನ್ನು ನನ್ನ ಕಡೆ ತಿರುಗಿಸಿದಳು.
“ಇವನು ನೊಬಂಡ್ಲಾಳ ಮಗ.
ಇವನ ಬಾಯಲ್ಲಿರುವ ಇಂಗ್ಲಿಷು
ಯಾವ ಹೊಲದಲ್ಲಿ ಬೆಳೆದದ್ದು, ಕೇಳಿ.”

ಜೋಳದ ಹಿಟ್ಟಿನ ಚೀಲದ ಬಾಯಿ ಹೊಲಿಯುತ್ತಿದ್ದ ಅವ್ವ.
ಬೆಳಗಿನ ಜಾವ ಟ್ಯಾಕ್ಸಿಯವನ ಕೈಗೆ ಅದನ್ನು ದಾಟಿಸಿ
ಏನೂ ಆಗಿಲ್ಲವೆಂಬಂತೆ ಒಲೆ ಹಚ್ಚುತ್ತಿದ್ದ ಅವ್ವ.
ಮ್ಥಾಥಾದ ಹಾಸ್ಟೆಲಿನ ಕ್ಯಾಷಿಯರ್
ನನ್ನ ನೋಟುಗಳನ್ನು ಮೂಗಿನಿಂದ ದೂರ ಹಿಡಿದು
ಎರಡೆರಡು ಸಲ ಎಣಿಸುತ್ತಿದ್ದ.
ಒಂದೂ ಕಡಿಮೆ ಬೀಳಲಿಲ್ಲ.

ನಾಲ್ವರೂ ನನ್ನನ್ನೇ ನೋಡುತ್ತಿದ್ದಾರೆ.
ಬೆಳಗಿನಿಂದ ಎಲ್ಲರ ‘ನಾನು’ ಆಗಿದ್ದೆ, ಸರಾಗವಾಗಿ.
ಈಗ ‘ಅವನು’ ಎನ್ನಬೇಕು,
ಆ ಅವನು ನಾನು.
ಮೈಕು ಕೆಮ್ಮಿತು.
ನಾನು ಬಾಯಿ ತೆರೆದೆ.