ಉಗುರಿನ ಹಳದಿ

ಮೂರನೇ ಮಹಡಿಯ ಪ್ರಯೋಗಾಲಯದಲ್ಲಿ
ಗಾಜು ತೊಳೆಯುವವನು ನಾನು.
ಹತ್ತೊಂಬತ್ತು ವರ್ಷದಲ್ಲಿ ಒಡೆದದ್ದು ಎರಡೇ ಫ್ಲಾಸ್ಕು,
ಅದರಲ್ಲೊಂದು ಬೆಕ್ಕಿನ ಲೆಕ್ಕಕ್ಕೆ.

ಮರದರಿಶಿಣ ಬಂದ ವಾರ ಬೆರಳೆಲ್ಲ ಹಳದಿ.
ಬಿ.ಎಚ್. ರಸ್ತೆಯ ಹೋಟೆಲಿನಲ್ಲಿ ದೋಸೆ ಮುರಿಯುತ್ತಿದ್ದರೆ
ಗಲ್ಲೆಯ ಮೇಲಿನ ಶೇಷಾಚಲ ಕೇಳಿದ:
'ಯಾರದ್ದು ಮಾರಾಯ ಮದುವೆ?'
ಬಳ್ಳಿಯದ್ದು ಅಂದೆ. ಸ್ಪಿರಿಟ್ಟಿನ ಜೊತೆ.

ಒಣಗಿಸಿ ಕುಟ್ಟಿದ ಕಾಂಡ, ಕಾಗದದ ಕೊಟ್ಟೆಯೊಳಗೆ.
ಕೆಳಗೆ ಸ್ಪಿರಿಟ್ಟು ಕುದಿದು ಆವಿಯಾಗಿ ಏರುತ್ತದೆ,
ಮೇಲೆ ತಣ್ಣೀರಿನ ಕೊಳವೆ ತಾಗಿ, ಬುದ್ಧಿ ಬಂದಂತೆ,
ಹನಿಹನಿ ಇಳಿಯುತ್ತದೆ ಪುಡಿಯ ಮೇಲೆ.
ತುಂಬಿದೊಡನೆ ಗುಳುಕ್ಕನೆ ಪೂರಾ ಜಾರಿ
ಮತ್ತೆ ಮೊದಲಿನಿಂದ.
ಮೊದಲ ಇಳಿತ ಕಿತ್ತಳೆ, ಹತ್ತನೆಯದು ಅರಿಶಿಣ,
ಇಪ್ಪತ್ತರ ಹೊತ್ತಿಗೆ ಬರೀ ನೀರಿನ ಬಣ್ಣ.
ಬಳ್ಳಿಯ ಬಳಿ ಹೇಳಲು ಇನ್ನೇನೂ ಇಲ್ಲ.

ಕಾಲು ಕಿಲೋಗೆ ಸಿಕ್ಕಿದ್ದು ಅರ್ಧ ಚಮಚ ಸೂಜಿಹರಳು.
ಕಪ್ಪು ಪೆಟ್ಟಿಗೆಯ ನೇರಳೆ ದೀಪದಡಿ ಹಿಡಿದರೆ
ಕತ್ತಲಲ್ಲಿ ಬೆಕ್ಕು ಕಣ್ಣು ಬಿಟ್ಟ ಹಾಗೆ!
ರೇಣುಕಾಂಬ ಮೇಡಂ ಆ ದಿನ ಊಟ ಮರೆತರು.
ಮರುದಿನ ಅಂದರು,
'ಇನ್ನು ಹತ್ತು ಕಿಲೋ ಬೇಕಲ್ಲ. ಪರ್ಮಿಷನ್ ಇದೆ.'

ನಗರದಿಂದ ಆಚೆ ಹೂವಕ್ಕನ ಹಿಂದೆ ನಡೆದೆ,
ಉಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಬಳಿದುಕೊಂಡು.
ಹೋದ ಸಲ ಕೊಯ್ದಲ್ಲಿ
ಅವಳು ಮೆತ್ತಿದ ಮಣ್ಣು ಹಾಗೇ ಇತ್ತು.
ಚಿಗುರಿರಲಿಲ್ಲ. ಅವಳೇನೂ ಅನ್ನಲಿಲ್ಲ.
ಹಳ್ಳ ದಾಟಿ ಇನ್ನೊಂದು ತೋರಿಸಿದಳು,
ಹೆಬ್ಬೆರಳಿಗಿಂತ ತುಸು ದಪ್ಪ.
'ನನ್ನ ಮಗಳಿಗಿಂತ ಒಂದು ವರ್ಷ ದೊಡ್ಡದು.'
ಮಗಳು ಈ ಸಲ ಎಸ್ಸೆಸ್ಸೆಲ್ಸಿ.

ಉಗುರಿನಿಂದ ತೊಗಟೆ ಕೆರೆದೆ, ಅದೇ ಹೌದೋ ಎಂದು.
ಅದೇ ಹೌದು.

ಕತ್ತಿ ಚೀಲದಲ್ಲೇ ಇತ್ತು.
ಇಬ್ಬರೂ ಕವಳ ಹಾಕಿಕೊಂಡೆವು.

ಕೊನೆಯ ಬಸ್ಸಿಗೆ ಶಿವಮೊಗ್ಗ.
ಸೋಪು, ನಿಂಬೆಹುಳಿ, ಚಿಮಣಿ ಎಣ್ಣೆ.
ಗಾಜಿನಿಂದ ಎಂಥೆಂಥ ಕಲೆ ತೆಗೆದ ಕೈ ಇದು,
ಉಗುರಿನ ಸಂದಿಯದು ಹೋಗಲಿಲ್ಲ.

'ಸಿಗಲಿಲ್ಲ ಮೇಡಂ' ಅಂದೆ, ಕೈ ಕಿಸೆಯಲ್ಲಿಟ್ಟು.
'ಆ ಪಿಪೆಟ್ಟು ಕೊಡಿ' ಅಂದರು.
ಕೊಟ್ಟೆ.
ಪಿಪೆಟ್ಟು ನೋಡಲಿಲ್ಲ, ಬೆರಳು ನೋಡಿದರು.
ಆಮೇಲೆ ರಿಜಿಸ್ಟರ್ ತೆರೆದು
ಸಿಕ್ಕಿದ ಪ್ರಮಾಣದ ಕಾಲಮ್ಮಿನಲ್ಲಿ ಸೊನ್ನೆ ಬರೆದು
ಪೆನ್ನಿನ ಕ್ಯಾಪು ಹುಡುಕತೊಡಗಿದರು.
ಅದು ಅವರ ಕೈಯಲ್ಲೇ ಇತ್ತು.