ಹೆಬ್ಬೆರಳು

ನವೆಂಬರ್. ಬಿಜೈ, ನಮ್ಮ ಮಾಜಿ ಸೈನಿಕರ ಸಂಘ.
ಬದುಕಿದ್ದೇವೆಂದು ಯಂತ್ರಕ್ಕೆ ತೋರಿಸುವ ತಿಂಗಳು.

ಸುಬೇದಾರ್ ಕ್ರಾಸ್ತಾ ಕನ್ನಡಕ ಒರೆಸಿಕೊಂಡು
ಒಬ್ಬೊಬ್ಬರ ಬೆರಳು ಹಿಡಿದು ಒತ್ತಿಸುತ್ತಾರೆ.
ಹಿಂದಿನ ಗೋಡೆಯಲ್ಲಿ ಎಪ್ಪತ್ತೊಂದರ ಪಲ್ಟನ್,
ಎರಡನೇ ಸಾಲಲ್ಲಿ ನಗುವ ಐತಪ್ಪ.
ಹೊಳೆ ದಾಟಿ ಮರಳಿದವರಲ್ಲಿ ಅವನಿಲ್ಲ.

ಅವನ ಹೆಂಡತಿ ಅಪ್ಪಿಯಕ್ಕ
ಮೂರು ಸಲ ಒತ್ತಿದರೂ ಕೆಂಪು ದೀಪ.
ಐವತ್ತು ವರ್ಷ ಬೀಡಿ ಸುತ್ತಿದ ಬೆರಳಲ್ಲಿ
ಗೆರೆ ಎಲ್ಲಿಂದ ಬರಬೇಕು?

"ಹಾಗಾದರೆ ನಾನೂ ಇಲ್ಲವಾ ಮಾರಾಯ್ರೆ?"
ನಕ್ಕರು, ಫೋಟೋದವನ ಹಾಗೇ.

ರಕ್ತದಾನ ಶಿಬಿರದ ಬ್ಯಾನರ್ ಕಟ್ಟುತ್ತಿದ್ದ ನಾನು
ಏಣಿ ಇಳಿದೆ.

ಕ್ರಾಸ್ತಾ ಒದ್ದೆ ಬಟ್ಟೆಯಲ್ಲಿ ಆ ಹೆಬ್ಬೆರಳು ಒರೆಸಿ,
ಅಂದು ಇರುಳಿಡೀ ವೈರ್‌ಲೆಸ್ಸಿನಲ್ಲಿ
ಆಚೆ ದಡವನ್ನು ಕರೆದಿದ್ದ ದನಿಯಲ್ಲೇ
"ಇನ್ನೊಮ್ಮೆ" ಅಂದರು.